ನರ್ಸಮ್ಮ ಕಲಿಸಿದ ಪಾಠ

1987ರ ಸುಮಾರಿಗೆ ನಾನು ಬಳ್ಳಾರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಉಪಾಧ್ಯಾಯನಾಗಿದ್ದೆ. ಏಳನೆಯ ತರಗತಿಯ ಬಾಲಕನೊಬ್ಬ ಪಾಠದ ನಡುವೆಯೇ ಮೂರ್ಛೆ ಬಂದು ಬೀಳುತ್ತಿದ್ದ. ಎಲ್ಲರಂತೆ ನಾನೂ ಅವನ ಕೈಗೆ ಬೀಗದ ಕೈ ಹಿಡಿಸುತ್ತಿದ್ದೆ. ಮೂರನೆಯ ಸಲ ಹಾಗಾದಾಗ, ಉಳಿದ ಮಕ್ಕಳು ಹೆದರುವರೆಂದು ಅವನ ತಂದೆಯನ್ನು ಕರೆಸಿ, "ಇವನನ್ನು ಮನೆಯಲ್ಲಿಯೇ ಇರಿಸಿಕೊಳ್ಳಿ" ಎಂದೆ. ಆ ಮಾತಿಗಾಗಿ ಇಂದಿಗೂ ನಾಚುತ್ತೇನೆ.

ಅವನನ್ನು ಮರಳಿ ಶಾಲೆಗೆ ಕರೆತಂದವರು ಊರವರು ನರ್ಸಮ್ಮ ಎನ್ನುತ್ತಿದ್ದ ಆರೋಗ್ಯ ಸಹಾಯಕಿ. "ಮೇಷ್ಟ್ರೇ, ಇದು ಗಾಳಿ ಸೋಕಿದ್ದೂ ಅಲ್ಲ, ಅಂಟುರೋಗವೂ ಅಲ್ಲ. ಬಿದ್ದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೇನೂ ತುರುಕಬೇಡಿ. ಮಾತ್ರೆ ತಪ್ಪದಂತೆ ನಾನು ನೋಡಿಕೊಳ್ಳುತ್ತೇನೆ" ಎಂದರು.

ಹೆರಿಗೆ, ಲಸಿಕೆಗಳಲ್ಲಿಯೇ ಮುಳುಗಿರುತ್ತಿದ್ದ ಆಕೆಗೆ ಇದನ್ನು ಕಲಿಸಿದವರಾರು? ಅದರ ಹಿನ್ನೆಲೆಯನ್ನು ನಾನು ಓದಿ ತಿಳಿದದ್ದು ನಿವೃತ್ತನಾದ ಮೇಲೆ.

ಬೆಂಗಳೂರಿನ ಸರ್ಕಾರಿ ಮಾನಸಿಕ ಆಸ್ಪತ್ರೆ ಹಾಗೂ 1954ರಲ್ಲಿ ಅಲ್ಲಿಯೇ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಮನೋವೈದ್ಯರು ಬೆರಳೆಣಿಕೆಯಷ್ಟು, ರೋಗಿಗಳೋ ಹಳ್ಳಿಹಳ್ಳಿಗಳಲ್ಲಿ. ಆದುದರಿಂದ ಅಲ್ಲಿನ ವೈದ್ಯರು ನಗರದ ಹೊರಗಿನ ಸಕಲವಾರದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡತೊಡಗಿದರು. ಚಂಡೀಗಢದ ವೈದ್ಯರು ಹರಿಯಾಣದ ರಾಯಪುರ ರಾಣಿಯಲ್ಲಿ ಇಂಥದೇ ಪ್ರಯೋಗ ನಡೆಸಿದರು. ಈ ಅನುಭವಗಳ ಬಲದ ಮೇಲೆ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಇದು ಇಡೀ ಜಿಲ್ಲೆಗೆ ಒಗ್ಗುವುದೇ ಎಂದು ಪರೀಕ್ಷಿಸಲು ಆಯ್ದುಕೊಂಡದ್ದು ನಮ್ಮ ಬಳ್ಳಾರಿಯನ್ನು.

ಕಾರ್ಯಕರ್ತರನ್ನು ಅರೆ ಮನೋವೈದ್ಯರನ್ನಾಗಿಸುವುದು ತರಬೇತಿಯ ಉದ್ದೇಶವಾಗಿರಲಿಲ್ಲ. ಲಕ್ಷಣಗಳನ್ನು ಗುರುತಿಸುವುದು, ವೈದ್ಯರ ಬಳಿಗೆ ಕಳುಹಿಸುವುದು, ಔಷಧಿ ನಿಲ್ಲಿಸಿದವರ ಮನೆಗೆ ಹೋಗಿ ವಿಚಾರಿಸುವುದು, ಮನೆಯವರಿಗೆ ತಿಳಿಹೇಳುವುದು — ಇಷ್ಟೇ ಅವರ ಕೆಲಸ. ವೈದ್ಯರು ಕೆಲವೇ ಔಷಧಿಗಳ ಬಳಕೆಯನ್ನು ಕಲಿಯುತ್ತಿದ್ದರು. ಮೂರ್ಛೆರೋಗ ಮನೋರೋಗವಲ್ಲ, ಆದರೂ ಅದನ್ನು ಈ ಕಾರ್ಯಕ್ರಮಕ್ಕೆ ಸೇರಿಸಿದ್ದು ನಮ್ಮ ಹುಡುಗನ ಭಾಗ್ಯ.

ಬಳ್ಳಾರಿಯ ಮಾದರಿಯನ್ನೇ ಅನುಸರಿಸಿ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಒಮ್ಮೆ ಕಲಿಸಿ ಕೈಬಿಟ್ಟರೆ ಯಾವ ವಿದ್ಯೆಯೂ ನಿಲ್ಲದು. ಕಲಿತವರು ವರ್ಗವಾಗಿ ಹೋದರೆ ಊರು ಮತ್ತೆ ಮೊದಲಿನಂತೆಯೇ. ಇದು ಶಾಲೆಗೆಷ್ಟು ನಿಜವೋ ಆಸ್ಪತ್ರೆಗೂ ಅಷ್ಟೇ ನಿಜ.

ಆ ಬಾಲಕ ಮುಂದೆ ಎಸ್ಸೆಸ್ಸೆಲ್ಸಿ ತೇರ್ಗಡೆಯಾದ. ಈ ಬರಹ ಅವನ ಕಣ್ಣಿಗೆ ಬಿದ್ದರೆ, ಅವನನ್ನು ಮನೆಗೆ ಕಳುಹಿಸಿದ ಮೇಷ್ಟರನ್ನು ಕ್ಷಮಿಸಲಿ.