192.168 ಎಂದು ಶುರುವಾಗುವ ಐಪಿ ವಿಳಾಸ: ಹೆದರಬೇಕೇ?

‘ವೈಫೈ ಸೆಟ್ಟಿಂಗ್‌ನಲ್ಲಿ ಕಾಣುವ ಐಪಿ ವಿಳಾಸ ಬೇರೆಯವರಿಗೆ ಸಿಕ್ಕರೆ ನಿಮ್ಮ ಫೋನ್ ಅವರ ಕೈಗೆ ಹೋದಂತೆ’ ಎನ್ನುವ ಮಾತನ್ನು ನೀವೂ ಕೇಳಿರಬಹುದು. ಆ ವಿಳಾಸ 192.168 ಎಂದು ಶುರುವಾಗುತ್ತಿದ್ದರೆ ಈ ಮಾತು ಸುಳ್ಳು.

192.168.1.5 ಎಂಬ ವಿಳಾಸ ನಿಮ್ಮ ಮನೆಯಲ್ಲೂ ಇರಬಹುದು, ಪಕ್ಕದ ಮನೆಯಲ್ಲೂ ಇರಬಹುದು, ದುಬೈನಲ್ಲಿರುವ ನಿಮ್ಮ ಅಣ್ಣನ ಮನೆಯಲ್ಲೂ ಇರಬಹುದು. 192.168ರಿಂದ ಅಥವಾ 10ರಿಂದ ಶುರುವಾಗುವ ವಿಳಾಸಗಳನ್ನು ಮತ್ತು 172.16ರಿಂದ 172.31ರವರೆಗಿನವನ್ನು ಖಾಸಗಿ ಬಳಕೆಗೆಂದೇ ಮೀಸಲಿಡಲಾಗಿದೆ. 1996ರ ಆರ್‌ಎಫ್‌ಸಿ 1918 ಎಂಬ ದಾಖಲೆ ಇದನ್ನು ಹೇಳುತ್ತದೆ. ‘ಫ್ಲ್ಯಾಟ್ ನಂಬರ್ 104’ ಎಂದಷ್ಟೇ ಬರೆದ ಕಾಗದ ಯಾವ ಮನೆಗೂ ತಲುಪುವುದಿಲ್ಲವಲ್ಲ, ಹಾಗೆ. ಹೊರಗಿನವರಿಗೆ ಕಾಣುವುದು ರೂಟರ್‌ಗೆ ಇಂಟರ್ನೆಟ್ ಕಂಪನಿ ಕೊಟ್ಟ ಸಾರ್ವಜನಿಕ ವಿಳಾಸ. ಐಪಿವಿ4ರಲ್ಲಿ ಒಟ್ಟು ಸುಮಾರು 430 ಕೋಟಿ ವಿಳಾಸಗಳಷ್ಟೇ ಇರುವುದರಿಂದ ಎಷ್ಟೋ ಕಡೆ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳು ಹಂಚಿಕೊಳ್ಳುತ್ತವೆ.

ಆದ್ದರಿಂದ ಯಾರಾದರೂ ಫೋನ್ ಮಾಡಿ, ‘ಸೆಟ್ಟಿಂಗ್ ತೆರೆದು ನೋಡಿ, 192.168.1.5 ಅಂತ ಇದೆಯಾ? ಇದೇ ಐಪಿಯಿಂದ ಅಪರಾಧ ನಡೆದಿದೆ’ ಎಂದು ದುಡ್ಡು ಕೇಳಿದರೆ ಕರೆ ಕತ್ತರಿಸಿ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ದೂರು ಕೊಡಿ. ಕಾಪಾಡಬೇಕಾದದ್ದು ಈ ನಂಬರನ್ನಲ್ಲ, ವೈಫೈ ಪಾಸ್‌ವರ್ಡನ್ನು ಮತ್ತು ರೂಟರ್‌ನ ಅಡ್ಮಿನ್ ಪಾಸ್‌ವರ್ಡನ್ನು. ನಿಮ್ಮ ವೈಫೈ ಒಳಗೆ ಬಂದವರಿಗೆ ಮಾತ್ರ ಆ ನಂಬರಿನಿಂದ ಉಪಯೋಗ.

ಐಪಿ ವಿಳಾಸದ ನಿಜವಾದ ತಲೆನೋವೇ ಬೇರೆ. ನಿನ್ನೆ ಸರಿಯಿದ್ದ ಪ್ರಿಂಟರ್ ಇವತ್ತು ‘ಆಫ್‌ಲೈನ್’ ಅನ್ನುತ್ತದೆ. ರೂಟರ್‌ನಲ್ಲಿರುವ ಡಿಎಚ್‌ಸಿಪಿ ಎಂಬ ವ್ಯವಸ್ಥೆ ಪ್ರತಿ ಸಾಧನಕ್ಕೂ ವಿಳಾಸವನ್ನು ಒಂದಷ್ಟು ಹೊತ್ತಿಗೆ ಬಾಡಿಗೆಗೆ ಕೊಡುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಪ್ರಿಂಟರ್‌ಗೆ ಬೇರೆ ನಂಬರ್ ಸಿಕ್ಕಿರಬಹುದು, ಲ್ಯಾಪ್‌ಟಾಪ್ ಇನ್ನೂ ಹಳೆಯದನ್ನೇ ಹುಡುಕುತ್ತಿರುತ್ತದೆ. ಪ್ರಿಂಟರ್‌ನಲ್ಲೇ ಒಂದು ನಂಬರ್ ಖಾಯಂ ಮಾಡಿದರಾಯಿತು ಎಂದು ಕೆಲವರು ಹೇಳುತ್ತಾರೆ. ಆದರೆ ರೂಟರ್ ಅದೇ ನಂಬರನ್ನು ಟಿವಿಗೂ ಕೊಟ್ಟರೆ ಎರಡೂ ತಕರಾರು ಮಾಡುತ್ತವೆ. ಇದಕ್ಕಿಂತ ರೂಟರ್‌ನ ಡಿಎಚ್‌ಸಿಪಿ ಪುಟದಲ್ಲಿ ಪ್ರಿಂಟರ್‌ನ ಮ್ಯಾಕ್ ವಿಳಾಸಕ್ಕೆ ಒಂದು ನಂಬರ್ ಕಾದಿರಿಸುವುದು ಒಳ್ಳೆಯದು. ಪ್ರಿಂಟರ್‌ಗೂ ಕ್ಯಾಮೆರಾಗೂ ಮಾಡಿದರೆ ಸಾಕು, ಫೋನ್‌ಗಳಿಗೆ ಬೇಡ. ಈಗಿನ ಆಂಡ್ರಾಯ್ಡ್, ಐಫೋನ್‌ಗಳು ಗೋಪ್ಯತೆಗಾಗಿ ನಕಲಿ ಮ್ಯಾಕ್ ವಿಳಾಸ ತೋರಿಸುತ್ತವೆ. ರೂಟರ್‌ನ ಪಟ್ಟಿಯಲ್ಲಿ ‘ಅಪರಿಚಿತ ಸಾಧನ’ ಕಂಡರೆ ಅದು ನಿಮ್ಮದೇ ಫೋನ್ ಆಗಿರಬಹುದು, ಮೊದಲು ಅದನ್ನು ನೋಡಿ.

ಹಳೆಯ ರೂಟರನ್ನು ಮಹಡಿಯಲ್ಲಿ ಸಿಗ್ನಲ್ ಬರಲೆಂದು ಹೊಸದರ ಲ್ಯಾನ್ ಪೋರ್ಟ್‌ಗೆ ಜೋಡಿಸಿದ್ದರೆ, ಹಳೆಯದರ ಡಿಎಚ್‌ಸಿಪಿ ಆಫ್ ಮಾಡಿ. ಅದರ ಸ್ವಂತ ವಿಳಾಸವೂ ಹೊಸದರದ್ದೇ ಆಗಿರದಂತೆ ನೋಡಿಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ 169.254 ಎಂದು ಶುರುವಾಗುವ ವಿಳಾಸ ಕಂಡರೆ ಅದಕ್ಕೆ ರೂಟರ್‌ನಿಂದ ಯಾವ ನಂಬರೂ ಸಿಕ್ಕಿಲ್ಲ ಎಂದರ್ಥ. ವೈರಸ್ ಅಲ್ಲ. ರೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ.