ಕೇರಿಯ ಹಲರು, ಮೊಹಲ್ಲಾದ ಜಮಾತ್: ಉಡುಪಿ ಸೀಮೆಯ ಸ್ವಯಮಾಡಳಿತ

1342ರ ಸುಮಾರಿನಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಯಾತ್ರಿಕ ಇಬ್ನ್ ಬತೂತನು ಫಾಕನೂರೆಂದು ಕರೆದ ಪಟ್ಟಣವು ಉಡುಪಿಯ ಉತ್ತರಕ್ಕಿರುವ ಬಾರ್ಕೂರೇ ಎಂಬುದು ವಿದ್ವತ್ಸಮ್ಮತವಾದ ಸಂಗತಿ. ಅರಸನು ಅನ್ಯಮತೀಯನಾಗಿದ್ದರೂ ಅಲ್ಲಿಯ ಮುಸಲ್ಮಾನರಿಗೆ ಹುಸೇನನೆಂಬ ಮುಖ್ಯಸ್ಥನೂ ಒಬ್ಬ ಖಾಜಿಯೂ ಶುಕ್ರವಾರದ ಪ್ರವಚನ ಮಾಡುವ ಒಬ್ಬ ಖತೀಬನೂ ಇದ್ದರೆಂದೂ, ಜುಮ್ಮಾ ಮಸೀದಿಯನ್ನು ಆ ಹುಸೇನನೇ ಕಟ್ಟಿಸಿದನೆಂದೂ ಆತನು ಬರೆದಿರುವನು. ಕಾಪು, ಉಡುಪಿ, ಕಾರ್ಕಳಗಳ ಇಂದಿನ ಜಮಾತುಗಳ, ಎಂದರೆ ಒಂದೊಂದು ಮಸೀದಿಗೆ ಸೇರಿದ ಮನೆಗಳ ಕೂಟಗಳ, ಮುಖ್ಯಾಂಗಗಳೆಲ್ಲವೂ ಆ ಕೆಲವೇ ಸಾಲುಗಳಲ್ಲಿ ಅಡಗಿವೆ.

ಈ ವ್ಯವಸ್ಥೆಯು ಅರಬ್ಬೀ ಸಮುದ್ರವನ್ನು ದಾಟಿ ಸಿದ್ಧರೂಪದಲ್ಲಿಯೇ ಬಂದಿಳಿಯಿತೆನ್ನುವ ವಾದವು ನನಗೆ ಅಪೂರ್ಣವಾಗಿ ತೋರುತ್ತದೆ. ಬಾರ್ಕೂರಿನ ಶಾಸನಗಳಲ್ಲಿ ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ ಮೊದಲಾದ ಕೇರಿಗಳೂ, ಅವುಗಳ ಪರವಾಗಿ ದಾನಧರ್ಮಗಳಿಗೆ ಹೊಣೆಯಾಗುತ್ತಿದ್ದ ‘ಹಲರು’ ಎಂಬ ಸಮೂಹವೂ ಕಾಣಸಿಗುತ್ತವೆ. ಕರಾವಳಿಯ ಶಾಸನಗಳು ವಿದೇಶೀ ಮೂಲದ ವರ್ತಕರ ‘ಹಂಜಮಾನ’ವನ್ನೂ ವರ್ತಕಸಂಘವಾದ ನಖರದ ಜೊತೆಗೆ ಸ್ಮರಿಸುತ್ತವೆ. ತಮ್ಮ ಓಣಿಯನ್ನು ತಾವೇ ಆಳಿಕೊಳ್ಳುವ ರೂಢಿಯಿದ್ದ ಪಟ್ಟಣದಲ್ಲಿ ಮಸೀದಿಯ ಸುತ್ತಣ ಜನರು ಹಾಗೆಯೇ ನಡೆದುಕೊಂಡದ್ದು ಸಹಜವೇ ಸರಿ.

ಜಮಾತಿನ ಬಲವು ಸದಸ್ಯರ ಹೆಸರುಗಳನ್ನು ಬರೆದಿಡುವ ಅದರ ದಫ್ತರದಲ್ಲಿದೆ. ಮನೆಮನೆಯಿಂದ ವಂತಿಗೆಯನ್ನು ಎತ್ತಿ, ಖತೀಬ, ಮಸೀದಿಯ ಪರಿಚಾರಕನಾದ ಮುಕ್ರಿ, ಮದ್ರಸದ ಉಸ್ತಾದರಿಗೆ ವೇತನವನ್ನಿತ್ತು, ನಿಕಾಹನ್ನು ದಾಖಲಿಸಿ, ಮೃತನಿಗೆ ಕಬರಸ್ತಾನದಲ್ಲಿ ಆರಡಿ ನೆಲವನ್ನು ಕೊಡುವ ಈ ಸಂಸ್ಥೆಯನ್ನು ಕಡೆಗಣಿಸಿ ಬಾಳುವುದು ಸುಲಭವಲ್ಲ: ಪರವೂರಿನ ಕನ್ಯೆಯನ್ನು ವರಿಸಬೇಕಾದರೆ ಸ್ವಂತ ಜಮಾತಿನ ಪತ್ರವು ಬೇಕು. ದಾಂಪತ್ಯಕಲಹ, ಪಾಲುಪಟ್ಟಿ, ಬೇಲಿಯ ತಕರಾರುಗಳು ಪೊಲೀಸ್ ಠಾಣೆಯ ಮೆಟ್ಟಿಲೇರುವ ಮೊದಲು ಮಸೀದಿಯ ಜಗಲಿಯಲ್ಲಿ ಹಿರಿಯರ ಎದುರು ಬರುವುದುಂಟು. ಈ ಕರಾವಳಿಯ ಮುಸಲ್ಮಾನ ಸಮುದಾಯವಾದ ಬ್ಯಾರಿಗಳು ಶಾಫಿ ಸಂಪ್ರದಾಯದವರು, ಉರ್ದು ಮಾತನಾಡುವವರು ಬಹುಮಟ್ಟಿಗೆ ಹನಫಿಗಳು. ಹೀಗಾಗಿ ಒಂದೇ ಊರಿನಲ್ಲಿ ಎರಡು ದಫ್ತರಗಳಿರುವುದೂ ಅಪೂರ್ವವಲ್ಲ. ಸ್ತ್ರೀಯರ ವಿವಾಹವನ್ನೂ ವಿಚ್ಛೇದನವನ್ನೂ ನಿರ್ಣಯಿಸುವ ಈ ಸಭೆಗಳಲ್ಲಿ ಸ್ತ್ರೀಯರಿಗೆ ಆಸನವು ವಿರಳವಾಗಿರುವುದು ಈ ಸ್ವಯಮಾಡಳಿತದ ಬಹು ದೊಡ್ಡ ನ್ಯೂನತೆಯೆಂದು ಹೇಳದೆ ವಿಧಿಯಿಲ್ಲ.

ಅನ್ಯದೇಶಗಳಲ್ಲಿ ಪ್ರಭುತ್ವವು ಮಸೀದಿಯ ಸುತ್ತಣ ನೆರೆಹೊರೆಯಾದ ಮೊಹಲ್ಲಾವನ್ನು ತನ್ನ ತೋಳನ್ನಾಗಿ ಮಾಡಿಕೊಂಡಿತು. ಇಸ್ತಾಂಬುಲಿನಲ್ಲಿ ಇಮಾಮನ ಕೈಯಲ್ಲಿದ್ದ ಮೊಹಲ್ಲಾದ ಲೌಕಿಕ ಕಾರ್ಯಗಳು 1829ರಲ್ಲಿ ಮುಖ್ತಾರನೆಂಬ ಮುಖ್ಯಸ್ಥನಿಗೆ ವಹಿಸಲ್ಪಟ್ಟವು. ಉಜ್ಬೇಕಿಸ್ತಾನದ ಮಹಲ್ಲಾಗಳು ಸೋವಿಯತ್ ಆಳಿಕೆಯಲ್ಲಿಯೂ ಅನಂತರವೂ ಸರ್ಕಾರದ ಅಂಗವೇ ಆದವು. ನಮ್ಮಲ್ಲಿ ನಡೆದದ್ದು ವಿಪರೀತ ಕ್ರಮ. ಉಡುಪಿ ಸೀಮೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದಾಗ ಜಾರಿಯಾದ 1880ರ ಖಾಜಿ ಕಾಯಿದೆಯು, ಮುಸಲ್ಮಾನರು ಬಯಸಿದಲ್ಲಿ ಖಾಜಿಯನ್ನು ನೇಮಿಸಲು ಸರ್ಕಾರಕ್ಕೆ ಅವಕಾಶವನ್ನಿತ್ತು, ಆ ಖಾಜಿಗೆ ನ್ಯಾಯಾಧಿಕಾರವನ್ನಾಗಲಿ ಆಡಳಿತಾಧಿಕಾರವನ್ನಾಗಲಿ ಕಾಯಿದೆಯು ಕೊಡುವುದಿಲ್ಲವೆಂದು ಸ್ಪಷ್ಟವಾಗಿ ವಿಧಿಸಿತು. ವಕ್ಫಿನ ಆಸ್ತಿಯು ಕಾಲಾನಂತರ ಸರ್ಕಾರದ ಲೆಕ್ಕಪರಿಶೋಧನೆಗೆ ಒಳಪಟ್ಟಿತಾದರೂ, ಜಗಲಿಯ ತೀರ್ಪಿಗೆ ಜನರ ಒಪ್ಪಿಗೆಯ ಹೊರತು ಬೇರೆ ಆಧಾರವಿಲ್ಲದೆ ಹೋಯಿತು. ಒಪ್ಪದವನು ನ್ಯಾಯಾಲಯಕ್ಕೆ ಹೋಗಬಹುದು. ಆದರೆ ದಫ್ತರವು ಜಮಾತಿನ ಕೈಯಲ್ಲಿಯೇ ಉಳಿದಿರುತ್ತದೆ.

1953ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾದ ಮೇಲೆ ಪರಸ್ಥಳದವರಿಂದ ಬೆಳೆದ ಮಣಿಪಾಲವು ಜಮಾತಿನ ಬಲವು ನೆಲದಲ್ಲಿದೆಯೋ ದಫ್ತರದಲ್ಲಿದೆಯೋ ಎಂಬ ವಿಚಾರಕ್ಕೆ ಒಳ್ಳೆಯ ನಿಕಷ. ಅಲ್ಲಿ ಶುಕ್ರವಾರದ ನಮಾಜಿಗೆ ನಿಲ್ಲುವ ವಿದ್ಯಾರ್ಥಿಯ ಹೆಸರು ಅವನ ಹುಟ್ಟೂರಿನ ದಫ್ತರದಲ್ಲಿರುತ್ತದೆ. ದುಬೈಯಲ್ಲಿ ದುಡಿಯುವ ಕಾಪುವಿನವನು ಕಾಪುವಿನ ಜಮಾತಿಗೇ ವಂತಿಗೆಯನ್ನು ಕಳುಹಿಸುತ್ತಾನೆ. ಬಾರ್ಕೂರಿನ ಹಲರು ಕೇರಿಯ ನೆಲಕ್ಕೆ ಕಟ್ಟುಬಿದ್ದವರು. ಜಮಾತಾದರೋ ನೆರೆಹೊರೆಯು ಚದುರಿದ ಮೇಲೆಯೂ ವಂತಿಗೆಯ ಪಟ್ಟಿಯನ್ನು ಹಿಡಿದುಕೊಂಡೇ ಮುಂದುವರಿದಿದೆ.