ಫೋನ್ ಕರೆ ಸ್ಪರ್ಧೆ (ಪ್ರಸಾರ ಮಾಧ್ಯಮ)

ರೇಡಿಯೊ ಅಥವಾ ಟಿ.ವಿ. ವಾಹಿನಿಯೊಂದು ತನ್ನ ಕೇಳುಗರಿಗೆ, ನೋಡುಗರಿಗೆ ಫೋನಿನ ಮೂಲಕ ಬಹುಮಾನ ಕೊಡುವ ಸ್ಪರ್ಧೆ. ಇದರಲ್ಲಿ ಮೂರು ಬಗೆಗಳಿವೆ. ಒಂದು, ನಿಲಯದವರೇ ಯಾವುದೋ ಮನೆಗೆ ಫೋನ್ ಮಾಡುವುದು. ಎರಡು, ಕೇಳುಗರು ನಿಲಯಕ್ಕೆ ಫೋನ್ ಮಾಡಿ, ಇಂತಿಷ್ಟನೆಯ ಕರೆಯವರು ಗೆಲ್ಲುವುದು. ಮೂರು, ಹೆಚ್ಚಿನ ದರದ ಸಂಖ್ಯೆಗೆ ಕರೆಯನ್ನೋ ಎಸ್‌ಎಂಎಸ್ಸನ್ನೋ ಕಳಿಸಿದವರಲ್ಲಿ ಒಬ್ಬರನ್ನು ಆರಿಸುವುದು. ಹಲವು ಬರಹಗಳಲ್ಲಿ ಈ ಮೂರೂ ಒಂದರೊಳಗೊಂದು ಬೆರೆತುಹೋಗಿವೆ. ಆದರೆ ಇವುಗಳ ಕಾನೂನಿನ ಇತಿಹಾಸ ಬೇರೆಬೇರೆ. ಭಾಗವಹಿಸಲು ಜೇಬಿನಿಂದ ಹಣ ಹೋಯಿತೇ, ಹೋಗಿದ್ದರೆ ಯಾರ ಕೈ ಸೇರಿತು ಎಂಬುದರ ಮೇಲೆಯೇ ಇದು ಲಾಟರಿಯೋ ಅಲ್ಲವೋ ಎಂಬ ವಾದ ನಿಂತಿದೆ.

ನಿಲಯದಿಂದ ಮನೆಗೆ

ಮೊದಲ ಬಗೆಗೆ ಹೆಸರು ತಂದದ್ದು ಅಮೆರಿಕದ ಎನ್‌ಬಿಸಿ ರೇಡಿಯೊದಲ್ಲಿ 1939ರಲ್ಲಿ ಶುರುವಾದ ‘ಪಾಟ್ ಓ ಗೋಲ್ಡ್’. ಅದರಲ್ಲಿ ಚಕ್ರವೊಂದನ್ನು ಮೂರು ಸಲ ತಿರುಗಿಸುತ್ತಿದ್ದರು. ಮೊದಲ ಸುತ್ತಿಗೆ ಯಾವ ಊರಿನ ಟೆಲಿಫೋನ್ ಡೈರೆಕ್ಟರಿ, ಎರಡನೆಯದಕ್ಕೆ ಎಷ್ಟನೆಯ ಪುಟ, ಮೂರನೆಯದಕ್ಕೆ ಎಷ್ಟನೆಯ ಸಾಲು ಎಂಬುದು ತೀರ್ಮಾನವಾಗುತ್ತಿತ್ತು. ಆ ಮನೆಯವರು ಫೋನ್ ಎತ್ತಿದರೆ 1,000 ಡಾಲರ್. ಕಾರ್ಯಕ್ರಮದ ದಿನ ಜನ ಮನೆಬಿಟ್ಟು ಬರುವುದಿಲ್ಲವೆಂದು ಸಿನಿಮಾ ಮಂದಿರಗಳವರು ಕಂಗಾಲಾದರು. ಸಿನಿಮಾಕ್ಕೆ ಬಂದು ಕರೆ ತಪ್ಪಿಸಿಕೊಂಡವರಿಗೆ ಅಷ್ಟೇ ಹಣವನ್ನು ತಾವೇ ಕೊಡುವುದಾಗಿ ಕೆಲವರು ಸಾರಿದರು. 1948ರಲ್ಲಿ ಎಬಿಸಿಯ ‘ಸ್ಟಾಪ್ ದ ಮ್ಯೂಸಿಕ್’ ಇದೇ ದಾರಿ ಹಿಡಿಯಿತು.

1949ರಲ್ಲಿ ಅಲ್ಲಿನ ಸಂಪರ್ಕ ನಿಯಂತ್ರಣ ಆಯೋಗವು ಇಂಥ ಕಾರ್ಯಕ್ರಮಗಳು ಲಾಟರಿಯೇ ಎಂದು ನಿಷೇಧದ ನಿಯಮ ತಂದಿತು. ಮನೆಯಲ್ಲಿ ಕೂತು ಕೇಳುವುದೂ ಒಂದು ಬಗೆಯ ‘ಬೆಲೆ’ ಎಂಬುದು ಅದರ ವಾದ. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಈ ತೀರ್ಪು ಎಲ್ಲ ಫೋನ್ ಸ್ಪರ್ಧೆಗಳಿಗೂ ಒಪ್ಪಿಗೆ ಕೊಟ್ಟಿತೆಂದು ಹೇಳುವುದುಂಟು, ಅದು ಸರಿಯಲ್ಲ. ಕೇಳುಗ ಏನೂ ತೆರದ ಸ್ಪರ್ಧೆ ಲಾಟರಿಯಲ್ಲ ಎಂಬಷ್ಟಕ್ಕೇ ಅದರ ವ್ಯಾಪ್ತಿ.

ಮನೆಯಿಂದ ನಿಲಯಕ್ಕೆ

ಎರಡನೆಯ ಬಗೆಯಲ್ಲಿ ತೊಡಕು ಹಣದ್ದಲ್ಲ, ತಂತಿಯದು. ಒಂದೇ ಗಳಿಗೆಯಲ್ಲಿ ಸಾವಿರಾರು ಕರೆ ನುಗ್ಗಿ ಬಡಾವಣೆಯ ಎಕ್ಸ್‌ಚೇಂಜ್ ಕಟ್ಟಿಹೋಗುವುದನ್ನು ತಪ್ಪಿಸಲು ಅಮೆರಿಕದ ಟೆಲಿಫೋನ್ ಕಂಪನಿಗಳು ರೇಡಿಯೊ ನಿಲಯಗಳಿಗೆಂದೇ ಪ್ರತ್ಯೇಕ ಸಂಖ್ಯಾಸರಣಿ ಮೀಸಲಿಟ್ಟವು. 1990ರಲ್ಲಿ ಲಾಸ್ ಏಂಜಲಿಸ್‌ನ ಕೆಐಐಎಸ್ ಎಫ್‌ಎಂ 102ನೆಯ ಕರೆಗೆ ಪೋರ್ಷೆ ಕಾರು ಇಟ್ಟಾಗ, ಕೆವಿನ್ ಪೌಲ್ಸನ್ ಎಂಬ ಹ್ಯಾಕರ್ ನಿಲಯದ ಲೈನುಗಳನ್ನೇ ವಶಮಾಡಿಕೊಂಡು ಬೇರೆಯವರ ಕರೆ ತಡೆದು ಕಾರು ಗೆದ್ದ. ಮುಂದೆ ಸಿಕ್ಕಿಬಿದ್ದು ಜೈಲು ಸೇರಿದ.

ಬ್ರಿಟನ್ನಿನ 2007ರ ಹಗರಣ

ಮೂರನೆಯ ಬಗೆಯಲ್ಲಿ ಕರೆಯೇ ಆದಾಯ. ಜರ್ಮನಿಯ ‘9ಲೈವ್’ ವಾಹಿನಿ 2001ರಿಂದ 2011ರವರೆಗೆ ಇದರ ಮೇಲೆಯೇ ನಡೆಯಿತು. ಬ್ರಿಟನ್ನಿನಲ್ಲಿ 2007ರಲ್ಲಿ ಒಂದರ ಹಿಂದೊಂದು ಅಕ್ರಮ ಬಯಲಾದವು. ಗೆಲ್ಲುವವರನ್ನು ಆರಿಸಿಯಾದ ಮೇಲೂ ದುಡ್ಡಿನ ಕರೆಗಳನ್ನು ಸ್ವೀಕರಿಸಿದ್ದು ಮುಖ್ಯ ದೂರು. ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2007ರಲ್ಲಿ ಜಿಎಂಟಿವಿಗೆ 20 ಲಕ್ಷ ಪೌಂಡ್, 2008ರಲ್ಲಿ ಐಟಿವಿಗೆ 56.75 ಲಕ್ಷ ಪೌಂಡ್ ದಂಡ ಹಾಕಿತು. ಬಿಬಿಸಿಯ ಮಕ್ಕಳ ಕಾರ್ಯಕ್ರಮ ‘ಬ್ಲೂ ಪೀಟರ್’ನದು ಬೇರೆಯದೇ ಸಂಗತಿ. ತಾಂತ್ರಿಕ ದೋಷದಿಂದ ಕರೆಗಳು ಸಿಗದೆ ಹೋದಾಗ, ಸ್ಟುಡಿಯೊ ನೋಡಲು ಬಂದಿದ್ದ ಮಗುವನ್ನೇ ಫೋನ್ ಮಾಡಿದ ಸ್ಪರ್ಧಿಯಂತೆ ಮಾತಾಡಿಸಿ ಗೆಲ್ಲಿಸಿದ್ದರು. ಅದಕ್ಕೆ ದಂಡ 50,000 ಪೌಂಡ್. 2007ರ ಜುಲೈನಲ್ಲಿ ಬಿಬಿಸಿ ಎಲ್ಲ ಸ್ಪರ್ಧೆಗಳನ್ನೂ ನಿಲ್ಲಿಸಿತು. ವರ್ಷಾಂತ್ಯದ ಹೊತ್ತಿಗೆ ಬಿಗಿಯಾದ ನಿಯಮಾವಳಿಯೊಂದಿಗೆ ಅವನ್ನು ಹಂತಹಂತವಾಗಿ ಮರಳಿ ತಂದಿತು.

ಭಾರತದಲ್ಲಿ

2001ರ ಜುಲೈ 3ರಂದು ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ ರೇಡಿಯೊ ಸಿಟಿ ಆರಂಭವಾಯಿತು. ಆರ್‌ಜೆಗಳು ಪ್ರಶ್ನೆ ಕೇಳಿ ಫೋನ್ ಮಾಡಿದವರಿಗೆ ಸಿನಿಮಾ ಟಿಕೆಟ್ ಕೊಡುವುದು ಖಾಸಗಿ ಎಫ್‌ಎಂನ ದಿನಚರಿಯಾಯಿತು. ವಿವಾದ ಎದ್ದದ್ದು ಟಿ.ವಿ.ಯಲ್ಲಿ. 2007ರ ಜನವರಿಯಿಂದ ಏಪ್ರಿಲ್‌ವರೆಗೆ ಸ್ಟಾರ್ ಪ್ಲಸ್‌ನ ‘ಕೌನ್ ಬನೇಗಾ ಕರೋಡ್‌ಪತಿ’ಯ ಜೊತೆಗೆ ‘ಹರ್ ಸೀಟ್ ಹಾಟ್ ಸೀಟ್’ ಎಂಬ ಸ್ಪರ್ಧೆ ನಡೆಯಿತು. ನೋಡುಗರು ನಾಲ್ಕು ಆಯ್ಕೆಗಳಲ್ಲಿ ಸರಿಯುತ್ತರವನ್ನು ಕಳಿಸಬೇಕಿತ್ತು. ಸರಿಯುತ್ತರ ಕೊಟ್ಟವರಲ್ಲಿ ಒಬ್ಬರಿಗೆ ಕಂತಿಗೆ 2 ಲಕ್ಷ ರೂಪಾಯಿ. ಎಸ್‌ಎಂಎಸ್ ಒಂದಕ್ಕೆ 2.40 ರೂಪಾಯಿ. ಬಂದ ಸಂದೇಶಗಳು ಸುಮಾರು 5.8 ಕೋಟಿ.

ಗ್ರಾಹಕರ ಸಂಘಟನೆಯೊಂದರ ದೂರಿನ ಮೇಲೆ 2008ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ಇದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದಿತು. ಸಂದೇಶಗಳಿಂದ ಬಂದದ್ದು 13.92 ಕೋಟಿ, ಹಂಚಿದ ಬಹುಮಾನ 1.04 ಕೋಟಿ ಎಂಬುದು ಆಯೋಗದ ಲೆಕ್ಕ. ಬಹುಮಾನದ ಹಣ ಎಸ್‌ಎಂಎಸ್ ಶುಲ್ಕದಿಂದಲೇ ಬಂದಿದ್ದರೂ ಉಚಿತವೆಂಬ ಭಾವನೆ ಹುಟ್ಟಿಸಲಾಯಿತು ಎಂದು ಹೇಳಿ, ಸ್ಟಾರ್ ಇಂಡಿಯಾ ಮತ್ತು ಏರ್‌ಟೆಲ್ ಕಂಪನಿಗಳು 1 ಕೋಟಿ ರೂಪಾಯಿ ತೆರಬೇಕೆಂದು ಆದೇಶಿಸಿತು.

ಈ ಪ್ರಕರಣದ ಉಲ್ಲೇಖಗಳು ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತವೆ. ಆದರೆ 2019ರಲ್ಲಿ ಸುಪ್ರೀಂ ಕೋರ್ಟ್ ಈ ಆದೇಶವನ್ನು ರದ್ದುಪಡಿಸಿತು. ಬಹುಮಾನವನ್ನು ಎಸ್‌ಎಂಎಸ್ ಆದಾಯದಿಂದಲೇ ಕೊಡಲಾಯಿತು ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂಬುದು ಕಾರಣ. ಅಂದರೆ ನ್ಯಾಯಾಲಯ ಅಳೆದದ್ದು ಈ ಪ್ರಕರಣದ ಪುರಾವೆಯನ್ನು. ಶುಲ್ಕದ ಹಣದಿಂದಲೇ ಬಹುಮಾನ ಹಂಚಬಹುದೆಂದು ಅದು ಹೇಳಲಿಲ್ಲ.

ಮರಳಿ ಬಂದ ಕರೆ

2016ರಲ್ಲಿ ಜಿಯೊ ಬಂದ ನಂತರ ಭಾರತದಲ್ಲಿ ಅನಿಯಮಿತ ಕರೆಯ ಪ್ಯಾಕುಗಳು ಸಾಮಾನ್ಯವಾಗಿ, ಸಾಧಾರಣ ಸಂಖ್ಯೆಗೆ ಮಾಡುವ ಕರೆಗೆ ಬೇರೆ ಖರ್ಚು ಇಲ್ಲವಾಯಿತು. ರಿಯಾಲಿಟಿ ಷೋಗಳಲ್ಲಿ ಮಿಸ್ಡ್ ಕಾಲ್ ಕೊಟ್ಟು ಮತ ಹಾಕುವ ಕ್ರಮವೂ ಬಿಡಿಗಾಸು ಕೇಳುವುದಿಲ್ಲ. ಬ್ರಿಟನ್ನಿನ 2005ರ ಜೂಜು ಕಾಯ್ದೆ ಕೂಡ ಸಾಮಾನ್ಯ ದರದ ಕರೆಯನ್ನು ‘ಪಾವತಿ’ ಎಂದು ಎಣಿಸುವುದಿಲ್ಲ. ಹೀಗೆ ಇಂತಿಷ್ಟನೆಯ ಕರೆಗೆ ಬಹುಮಾನ ಕೊಡುವ ಹಳೆಯ ಕ್ರಮಕ್ಕೆ ಲಾಟರಿಯ ಆರೋಪ ಅಂಟುವುದು ಕಷ್ಟ. ಹೆಚ್ಚಿನ ದರದ ಸಂಖ್ಯೆಗಳಿಗೆ ಆ ರಕ್ಷಣೆ ಇಲ್ಲ.